ಓದುಗರ ಪ್ರಶ್ನೆ: ಖಾಲಿ ಸಂಪು ಮೇಲೆದ್ದದ್ದೇಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರಿನವೇ: ಸಂಪು, ಬೋರು, ಕೃಷಿ ಹೊಂಡ, ಅಣೆಕಟ್ಟು, ತೆಪ್ಪ. ಲೆಕ್ಕಕ್ಕೆ ಬೇಕಾದದ್ದು ಎರಡೇ ಮಾತು. ನೀರಿನಲ್ಲಿ 10 ಮೀಟರ್ ಕೆಳಗಿಳಿದರೆ ಪ್ರತಿ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ ಏರುತ್ತದೆ, ಚದರ ಮೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಮೀಟರ್ ಆಳಕ್ಕೆ ಒಂದು ಟನ್. ಮುಳುಗಿದ ವಸ್ತು ಎಷ್ಟು ಲೀಟರ್ ನೀರಿನ ಜಾಗ ಹಿಡಿದಿದೆಯೋ ಅಷ್ಟು ಕೆ.ಜಿ. ಬಲದಿಂದ ನೀರು ಅದನ್ನು ಮೇಲಕ್ಕೆ ದೂಡುತ್ತದೆ. ಪಠ್ಯಪುಸ್ತಕ ಇದನ್ನು ಪ್ಲವನತೆ ಎನ್ನುತ್ತದೆ. ಇಲ್ಲಿ ಮೇಲೊತ್ತು ಎಂದು ಕರೆಯೋಣ.

ಕುಂದಾಪುರದ ಬಳಿ ಮನೆ ಕಟ್ಟಿಸುತ್ತಿದ್ದೇವೆ. ಮೇ ತಿಂಗಳಲ್ಲಿ 10,000 ಲೀಟರಿನ ಕಾಂಕ್ರೀಟ್ ಸಂಪು ಮುಗಿಯಿತು. ಜುಲೈನಲ್ಲಿ ನೋಡಿದರೆ ಒಂದು ಮೂಲೆ ಆರು ಇಂಚು ಮೇಲೆದ್ದಿದೆ, ಪೈಪು ಮುರಿದಿದೆ. ಒಳಗೆ ಹನಿ ನೀರೂ ಇರಲಿಲ್ಲ. ಮೇಸ್ತ್ರಿ ‘ನೆಲ ಸಡಿಲ’ ಎನ್ನುತ್ತಾರೆ. ಈಗೇನು ಮಾಡುವುದು? (ಕುಂದಾಪುರ)

ನೆಲದ ತಪ್ಪಲ್ಲ. ಒಳಗೆ ಹನಿ ನೀರಿರಲಿಲ್ಲ ಎಂದಿರಲ್ಲ, ಅದೇ ಕಾರಣ. ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಅದೇ ನೀರು ಸಂಪಿನ ಸುತ್ತಲೂ ಇರುತ್ತದೆ, ಅಡಿಯಲ್ಲೂ ಇರುತ್ತದೆ. ಖಾಲಿ ಸಂಪು ಆಗ ನೆಲದೊಳಗಿನ ದೋಣಿ.

ಅಂಕಿ ಹಾಕಿ ನೋಡಿ. ಒಳಅಳತೆ 2.5 × 2 × 2 ಮೀಟರ್ ಇದ್ದರೆ ಸರಿಯಾಗಿ 10,000 ಲೀಟರ್. ಗೋಡೆಯೂ ತಳವೂ 15 ಸೆಂ.ಮೀ., ಮೇಲಿನ ಸ್ಲ್ಯಾಬ್ 12 ಸೆಂ.ಮೀ. ಎಂದಿಟ್ಟುಕೊಂಡರೆ ಹೊರಅಳತೆ 2.8 × 2.3 × 2.27 ಮೀಟರ್, ಅಂದರೆ 14.6 ಘನ ಮೀಟರ್. ಅಂತರ್ಜಲ ನೆಲದ ಮಟ್ಟಕ್ಕೆ ಬಂದಾಗ ಮೇಲೊತ್ತು 14.6 ಟನ್. ಇದರಲ್ಲಿ ಕಾಂಕ್ರೀಟು 4.6 ಘನ ಮೀಟರ್. ಕಬ್ಬಿಣ ಸೇರಿ ಘನ ಮೀಟರಿಗೆ 2.5 ಟನ್ ಹಿಡಿದರೆ ತೂಕ 11.5 ಟನ್. ಮೂರು ಟನ್ ಕಡಿಮೆ ಬಿತ್ತು. ಈ ಸಂಪು ಏಳಲು ನೀರು ನೆಲದವರೆಗೆ ಬರಬೇಕೆಂದೂ ಇಲ್ಲ, ಒಂದೂವರೆ ಅಡಿ ಕೆಳಗಿರುವಾಗಲೇ ತೂಕವೂ ಮೇಲೊತ್ತೂ ಸರಿಸಮವಾಗುತ್ತವೆ. ಸುತ್ತಲ ಮಣ್ಣು ಹಿಡಿದುಕೊಳ್ಳುವುದಿಲ್ಲವೇ ಎಂದರೆ, ಹೊಸದಾಗಿ ತುಂಬಿದ ಮಣ್ಣು ಮೊದಲ ಮಳೆಗೇ ಕೆಸರು. ಅದರ ಹಿಡಿತ ನಂಬಬೇಡಿ.

‘ಅಡಿಯಲ್ಲಿ ಜೇಡಿ ಇದೆ, ನೀರು ನುಸುಳುವುದಿಲ್ಲ’ ಎಂಬ ಸಮಾಧಾನವೂ ಬೇಡ. ಮರಳಿನಲ್ಲಿ ಒಂದು ದಿನಕ್ಕೆ ಬರುವ ನೀರು ಜೇಡಿಯಲ್ಲಿ ಒಂದು ತಿಂಗಳಿಗೆ ಬಂದೀತು. ಬರುವುದಂತೂ ನಿಜ, ಬಂದ ಮೇಲೆ ಒತ್ತಡ ಎರಡೂ ಕಡೆ ಒಂದೇ.

ಈಗ ಮಾಡಬೇಕಾದ್ದು. ಬಕೆಟ್ಟು ಹಿಡಿದು ತುಂಬಲು ಹೋಗಬೇಡಿ. ಎದ್ದ ಮೂಲೆಯ ಅಡಿ ಟೊಳ್ಳಾಗಿದೆ. ಅಲ್ಲಿ ಆಸರೆ ಇಲ್ಲದೆ ಹತ್ತು ಟನ್ ನೀರು ಕೂತರೆ ತಳ ಸೀಳುತ್ತದೆ. ಸಂಪಿನಿಂದ ಒಂದು ಮೀಟರ್ ದೂರದಲ್ಲಿ, ಅದರ ತಳಕ್ಕಿಂತ ಒಂದಡಿ ಆಳವಾಗಿ ಗುಂಡಿ ತೆಗೆಸಿ, ಕೆಸರು ಪಂಪು ಇಟ್ಟು ನೀರು ಹೊರಹಾಕುತ್ತಿರಿ. ಸುತ್ತಲ ನೀರು ಇಳಿದಂತೆ ಪೆಟ್ಟಿಗೆ ತಾನಾಗಿ ಕೂರಲು ನೋಡುತ್ತದೆ. ಕೂತ ಮೇಲೆ ಎರಡು ಮೂಲೆಗಳ ನಡುವೆ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿಯಿರಿ. ಒಂದಿಂಚಿನ ಒಳಗೆ ವ್ಯತ್ಯಾಸವಿದ್ದರೆ ಬಿಟ್ಟುಬಿಡಬಹುದು. ಬದಿಯಲ್ಲಿ ಎರಡಿಂಚಿನ ಪೈಪು ತಳದವರೆಗೆ ಇಳಿಸಿ, ಉಳಿದ ಟೊಳ್ಳಿಗೆ ತೆಳುವಾದ ಸಿಮೆಂಟು-ಮರಳಿನ ಗಂಜಿ ಸುರಿಸಿ. ಗೋಡೆಯೂ ತಳವೂ ಸೇರುವ ಮೂಲೆಯಲ್ಲಿ ಬಿರುಕಿದೆಯೇ ನೋಡಬೇಕು, ಸೋರುವುದು ಬಹುಪಾಲು ಅಲ್ಲೇ. ಆಮೇಲೆ ದಿನಕ್ಕೆ ಮೂರನೇ ಒಂದು ಪಾಲಿನಂತೆ ತುಂಬಿ. ಅಲ್ಲಿಯವರೆಗೆ ಗುಂಡಿಯ ಪಂಪು ನಿಲ್ಲಿಸುವಂತಿಲ್ಲ, ರಾತ್ರಿ ಕರೆಂಟು ಹೋದರೆ ಏನು ಮಾಡುವುದೆಂದೂ ಯೋಚಿಸಿರಬೇಕು.

ಒಳಗಿಳಿಯುವ ಮುನ್ನ ಇನ್ನೊಂದು ಮಾತು. ಮುಚ್ಚಿದ ಹೊಸ ಸಂಪಿನಲ್ಲಿ ಸೆಂಟ್ರಿಂಗ್ ಹಲಗೆ ಒದ್ದೆಯಾಗಿ ಕೊಳೆಯುತ್ತಿದ್ದರೆ ಗಾಳಿಯ ಆಮ್ಲಜನಕ ಮುಗಿದಿರುತ್ತದೆ. ಮುಚ್ಚಳ ತೆಗೆದು ಫ್ಯಾನಿನಿಂದ ಗಾಳಿ ಹಾಯಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರನ್ನು ನಿಲ್ಲಿಸಿಯೇ ಇಳಿಸಿ.

ಇನ್ನು ಮುಂದೆ ಏಳದಿರಲು ಖರ್ಚಿಲ್ಲದ ಉಪಾಯವೆಂದರೆ ಮಳೆಗಾಲದಲ್ಲಿ ಸಂಪನ್ನು ನಾಲ್ಕಡಿಗಿಂತ ಕೆಳಗೆ ಇಳಿಯಲು ಬಿಡದಿರುವುದು. ನಿಮ್ಮ ಅಳತೆಗೆ ನಾಲ್ಕಡಿ ಅಂದರೆ 6 ಟನ್ ನೀರು. ಕೊರತೆ ಮೂರು ಟನ್, ಉಳಿದದ್ದು ಭದ್ರತೆಗೆ. ತೊಳೆಯುವ ಕೆಲಸ ಏಪ್ರಿಲ್‌ನಲ್ಲೇ ಮುಗಿಸಿ. ಹೊಸದಾಗಿ ಕಟ್ಟುವವರು ತಳದ ಸ್ಲ್ಯಾಬನ್ನು ಗೋಡೆಯ ಆಚೆಗೆ ಸುತ್ತಲೂ ಒಂದಡಿ ಚಾಚಿಸಲಿ. ಆ ಅಂಚಿನ ಮೇಲೆ ಕೂರುವ ಮಣ್ಣು ನೀರಿನಲ್ಲಿ ಮುಳುಗಿದ್ದಾಗಲೂ ಆರು ಟನ್ನಿನ ಮೇಲೆ ಒತ್ತುತ್ತದೆ. ಒಂದಡಿ ಕಾಂಕ್ರೀಟು ಜಿಪುಣತನ ಮಾಡುವಂಥದ್ದಲ್ಲ. ಹೂಳುವ ಪ್ಲಾಸ್ಟಿಕ್ ಟ್ಯಾಂಕಿನದು ಇನ್ನೂ ಕಷ್ಟ: 5,000 ಲೀಟರಿನದಕ್ಕೆ ಮೇಲೊತ್ತು 5 ಟನ್, ಅದರ ಸ್ವಂತ ತೂಕ ಲೆಕ್ಕಕ್ಕೇ ಬರುವುದಿಲ್ಲ. ಅಡಿಯಲ್ಲಿ ಸುಮಾರು 4 ಘನ ಮೀಟರ್ ಕಾಂಕ್ರೀಟು ಹಾಕಿ, ಅದಕ್ಕೆ ಪಟ್ಟಿಗಳಿಂದ ಟ್ಯಾಂಕನ್ನು ಬಿಗಿಯಬೇಕು.

ಮೂರನೇ ಮಹಡಿಯಲ್ಲಿ ಶವರ್ ತೊಟ್ಟಿಕ್ಕುತ್ತದೆ. ತಾರಸಿಯ 1,000 ಲೀಟರಿನ ಟ್ಯಾಂಕನ್ನು 2,000 ಲೀಟರಿನದಕ್ಕೆ ಬದಲಿಸಿದರೆ ಜೋರಾಗುತ್ತದೆಯೇ? (ಮೈಸೂರು)

ಆಗುವುದಿಲ್ಲ. ಒತ್ತಡ ನೀರಿನ ಎತ್ತರಕ್ಕೆ, ನೀರಿನ ಮೊತ್ತಕ್ಕಲ್ಲ. ನಿಮ್ಮ ಟ್ಯಾಂಕು ತಾರಸಿಯ ಮೇಲೇ ಕೂತಿದೆ, ಶವರ್ ಏಳಡಿ ಎತ್ತರದಲ್ಲಿದೆ. ನಡುವೆ ಉಳಿಯುವುದು ಸುಮಾರು 1 ಮೀಟರ್, ಅಂದರೆ 0.1 ಕೆ.ಜಿ. ಒತ್ತಡ. ಟ್ಯಾಂಕನ್ನು ಎರಡು ಮೀಟರಿನ ಸ್ಟ್ಯಾಂಡಿಗೆ ಏರಿಸಿದರೆ 0.3 ಕೆ.ಜಿ. ಆಗುತ್ತದೆ. ಒತ್ತಡ ಮೂರು ಪಟ್ಟಾದರೂ ನೀರು ಬರುವುದು ಒಂದೂಮುಕ್ಕಾಲು ಪಟ್ಟಿಗಿಂತ ತುಸು ಕಡಿಮೆ. ವರ್ಗಮೂಲದ ಲೆಕ್ಕ ಅದು. ಅದಕ್ಕೂ ಮೊದಲು ಟ್ಯಾಂಕಿನಿಂದ ಇಳಿಯುವ ಪೈಪು ಅರ್ಧ ಇಂಚಿನದೇ ನೋಡಿ. ಒಂದಿಂಚಿಗೆ ಬದಲಿಸಿ, ಎಲ್ಬೋಗಳನ್ನು ಕಡಿಮೆ ಮಾಡಿಸಿದರೆ ಎಷ್ಟೋ ಸಲ ಸ್ಟ್ಯಾಂಡೇ ಬೇಕಾಗುವುದಿಲ್ಲ. ಸ್ಟ್ಯಾಂಡ್ ಹಾಕಿಸುವುದಾದರೆ ಕಾಲುಗಳು ಕೆಳಗಿನ ಬೀಮಿನ ಮೇಲೆ ಬರಲಿ. 1,000 ಲೀಟರ್ ಅಂದರೆ ಒಂದು ಟನ್, ಬರಿಯ ಸ್ಲ್ಯಾಬಿನ ನಡುವೆ ನಿಲ್ಲಿಸುವಂಥದ್ದಲ್ಲ.

900 ಅಡಿ ಬೋರು. ಮೋಟರು 800 ಅಡಿಯಲ್ಲಿದೆ, ನೀರು 350 ಅಡಿಗೆ ನಿಂತಿದೆ. ಅಷ್ಟು ಆಳದ ಒತ್ತಡಕ್ಕೆ ಮೋಟರು ಅಪ್ಪಚ್ಚಿಯಾಗುವುದಿಲ್ಲವೇ? 800 ಅಡಿಗೆ ತಕ್ಕ ಪಂಪೇ ಬೇಕೇ? ಇಳಿಸಿದ್ದಕ್ಕಿಂತ ಎತ್ತುವಾಗ ಭಾರ ಏಕೆ? (ಚಿಕ್ಕಬಳ್ಳಾಪುರ)

ಮೋಟರಿನ ಮೇಲಿರುವುದು 450 ಅಡಿ ನೀರು, 137 ಮೀಟರ್. ಒತ್ತಡ 13.7 ಕೆ.ಜಿ. ನೀರು ತುಂಬುವ ಮಾದರಿಯ ಸಬ್‌ಮರ್ಸಿಬಲ್ ಮೋಟರಿನ ಒಳಗೂ ನೀರೇ ಇದೆ, ಕೆಳಗೊಂದು ರಬ್ಬರ್ ಡಯಾಫ್ರಾಮ್ ಒಳಗಿನ ಒತ್ತಡವನ್ನೂ ಹೊರಗಿನದನ್ನೂ ಸರಿದೂಗಿಸುತ್ತದೆ. ಎರಡೂ ಕಡೆ ಒಂದೇ ಒತ್ತಡವಿದ್ದ ಮೇಲೆ ಅಪ್ಪಚ್ಚಿಯಾಗುವ ಮಾತಿಲ್ಲ. ಕೆಡುವುದು ಬೇರೆ ದಾರಿಯಲ್ಲಿ. ಇಳಿಸುವ ಮುನ್ನ ಮೋಟರಿಗೆ ನೀರು ತುಂಬುವಾಗ ಒಳಗೆ ಗಾಳಿ ಉಳಿದಿದ್ದರೆ, ಆಳದಲ್ಲಿ ಆ ಗಾಳಿ ಕುಗ್ಗಿ, ಖಾಲಿಯಾದ ಜಾಗಕ್ಕೆ ಬೋರಿನ ಮರಳು ನೀರು ಶಾಫ್ಟಿನ ಸೀಲಿನ ಮೂಲಕ ಒಳಬರುತ್ತದೆ. ಆದ್ದರಿಂದ ಶುದ್ಧ ನೀರು ತುಂಬಿ, ಅಲ್ಲಾಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ತುಂಬಿಯೇ ಬಿರಡೆ ಬಿಗಿಯಬೇಕು. ಎರಡನೆಯ ಜಾಗ ಕೇಬಲ್ ಜಾಯಿಂಟು. ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದಾಗ ಸರಿಯಿದ್ದದ್ದು 13 ಕೆ.ಜಿ. ಒತ್ತಡಕ್ಕೆ ನೀರು ಕುಡಿಯುತ್ತದೆ. ಬರಿಯ ಟೇಪು ಸುತ್ತಿ ಇಳಿಸುವವರನ್ನು ತಡೆಯಿರಿ.

ಪಂಪಿನ ಹೆಡ್ಡನ್ನು, ಅಂದರೆ ಅದು ನೀರೆತ್ತಬೇಕಾದ ಎತ್ತರವನ್ನು, ಮೋಟರು ಇರುವ ಆಳದಿಂದ ಅಳೆಯುವುದಲ್ಲ, ಪಂಪು ಓಡುವಾಗ ನೀರು ನಿಲ್ಲುವ ಮಟ್ಟದಿಂದ. ಓಡುವಾಗ ನೀರು 500 ಅಡಿಗೆ ಇಳಿದು ನಿಲ್ಲುವುದಾದರೆ ಎತ್ತಬೇಕಾದದ್ದು 500 ಅಡಿ. ಮೇಲೆ ಟ್ಯಾಂಕಿನ ಎತ್ತರ ಮತ್ತು ಪೈಪಿನ ಉಜ್ಜಿನ ನಷ್ಟ ಸೇರಿಸಿ. ಅಲ್ಲಿಂದ ಕೆಳಗಿನ 300 ಅಡಿಯನ್ನು ಹೊರಗಿನ ನೀರೇ ಎತ್ತಿಕೊಡುತ್ತದೆ. 800 ಅಡಿಯ ಹೆಡ್ಡಿನ ಪಂಪು ಕೊಂಡು 500 ಅಡಿಯಿಂದ ಎತ್ತಿಸಿದರೆ ಬಿಲ್ಲು ಹೆಚ್ಚು, ಶಾಫ್ಟಿನ ಉದ್ದಕ್ಕೆ ಬೀಳುವ ನೂಕನ್ನು ಹೊರುವ ಥ್ರಸ್ಟ್ ಬೇರಿಂಗಿಗೂ ಒಳ್ಳೆಯದಲ್ಲ. ಆದರೆ ಆಯ್ಕೆ ಮಾಡುವಾಗ ಏಪ್ರಿಲ್-ಮೇ ತಿಂಗಳ ಮಟ್ಟ ಹಿಡಿಯಿರಿ, ಅಕ್ಟೋಬರಿನದಲ್ಲ.

ಪೈಪಿಗೂ ಇದೇ ತರ್ಕ. ಮೋಟರಿನ ಹತ್ತಿರ ಪೈಪಿನ ಒಳಗೆ 244 ಮೀಟರ್ ನೀರಿನ ಕಂಬ, 24.4 ಕೆ.ಜಿ.; ಹೊರಗಿನಿಂದ ಒತ್ತುವುದು 13.7. ಪೈಪಿನ ಗೋಡೆಗೆ ಉಳಿಯುವುದು 10.7 ಕೆ.ಜಿ. 350 ಅಡಿಯಲ್ಲಿ ನೀರಿನ ಮಟ್ಟದ ಹತ್ತಿರವೂ ಅದೇ 10.7! ಅಲ್ಲಿಂದ ಕೆಳಗೆ ಪೈಪಿನ ಕಷ್ಟ ಏರುವುದೇ ಇಲ್ಲ. ಹಾಗೆಂದು ಅಷ್ಟಕ್ಕೇ ಪೈಪು ಕೊಳ್ಳಬೇಡಿ. ಬೇಸಿಗೆಯಲ್ಲಿ ಬೋರು ಬತ್ತಿ ನೀರು ಮೋಟರಿನವರೆಗೆ ಇಳಿದ ದಿನ ಹೊರಗಿನ ಆಸರೆ ಹೋಗಿ ಪೂರ್ತಿ 24 ಕೆ.ಜಿ. ಗೋಡೆಯ ಮೇಲೆ ಬೀಳುತ್ತದೆ. ಪೈಪು ಒಡೆಯುವುದು ಅಂಥ ದಿನವೇ.

ಭಾರದ ಮಾತು. ಎರಡಿಂಚಿನ ಜಿ.ಐ. ಪೈಪು ಮೀಟರಿಗೆ ಸುಮಾರು 5 ಕೆ.ಜಿ., 244 ಮೀಟರಿಗೆ 1,200 ಕೆ.ಜಿ. ದಾಟುತ್ತದೆ. ನೀರಿನಲ್ಲಿ ಮುಳುಗಿದ ಭಾಗ ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ, ಇಲ್ಲಿ ಸುಮಾರು 90 ಕೆ.ಜಿ. ಎತ್ತುವಾಗ ಪೈಪಿನೊಳಗಿನ ನೀರನ್ನು ಎನ್‌ಆರ್‌ವಿ (ನೀರು ವಾಪಸು ಇಳಿಯದಂತೆ ತಡೆಯುವ ವಾಲ್ವು) ಹಿಡಿದಿಟ್ಟಿರುತ್ತದೆ. ನೀರಿನ ಮಟ್ಟದ ಕೆಳಗಿರುವ ಪೈಪಿನೊಳಗಿನ ನೀರು ತೂಗುವುದಿಲ್ಲ, ಮಟ್ಟದ ಮೇಲಿನ 107 ಮೀಟರ್ ಮಾತ್ರ ತೂಗುತ್ತದೆ: ಮೀಟರಿಗೆ 2.2 ಲೀಟರಿನಂತೆ 235 ಕೆ.ಜಿ. ಮೋಟರು ಪಂಪು ಬೇರೆ. ಒಂದು ಟನ್ನಿನ ಚೈನ್ ಪುಲ್ಲಿಯಲ್ಲಿ ಎತ್ತಲು ಬಂದರೆ ವಾಪಸು ಕಳಿಸಿ, ಎರಡು ಟನ್ನಿನದು ತರಿಸಿ. ಎಚ್‌ಡಿಪಿಇ ಪೈಪು ನೀರಿಗಿಂತ ಹಗುರ, ಅದು ತಾನಾಗಿ ತೇಲುತ್ತದೆ. ಅಲ್ಲಿ ಭಾರವೆಲ್ಲ ಮೋಟರಿನದೂ ಒಳಗಿನ ನೀರಿನದೂ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ನೂರು ಟಿಎಂಸಿ ನೀರನ್ನು ಒಂದು ಚೈನು ಹಿಡಿದಿತ್ತು ಎಂದರೆ ನಂಬುವುದು ಹೇಗೆ? (ಹೊಸಪೇಟೆ, ಪಿಯುಸಿ ವಿದ್ಯಾರ್ಥಿನಿ)

ನಂಬಬೇಡಿ, ಏಕೆಂದರೆ ಹಿಡಿದಿರಲಿಲ್ಲ. ಗೇಟಿನ ಮೇಲೆ ನೀರು ಅಡ್ಡಡ್ಡ ಒತ್ತುತ್ತದೆ. ಆ ಒತ್ತನ್ನು ತಡೆಯುವುದು ಎರಡೂ ಬದಿಯ ಕಂಬಗಳಲ್ಲಿ ಕೊರೆದ ಜಾಡಿನೊಳಗೆ ಕೂತ ಗೇಟಿನ ಅಂಚುಗಳು. ಚೈನಿನ ಕೆಲಸ ಗೇಟಿನ ತೂಕವನ್ನು ಹೊತ್ತು ಮೇಲೆ ಕೆಳಗೆ ಆಡಿಸುವುದು.

ಇನ್ನು ಟಿಎಂಸಿ. ಜಲಾಶಯದಲ್ಲಿ 105 ಟಿಎಂಸಿ ಇರಲಿ, ಗೇಟಿನಿಂದ ಹಿಂದಕ್ಕೆ ಬರಿ ಹತ್ತಡಿ ದೂರದವರೆಗೆ ನೀರಿರಲಿ, ಆಳ ಒಂದೇ ಆದರೆ ಗೇಟಿನ ಮೇಲಿನ ಬಲವೂ ಒಂದೇ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವರಿಗೂ ಇದು ಮನಸ್ಸಿಗೆ ಒಗ್ಗುವುದಿಲ್ಲ. ಆದರೂ ಲೆಕ್ಕ ಸರಳ. ಅಣೆಕಟ್ಟಿನ ನೆತ್ತಿಯ 33 ಕ್ರೆಸ್ಟ್ ಗೇಟುಗಳಲ್ಲಿ ಪ್ರತಿಯೊಂದೂ 60 ಅಡಿ ಅಗಲ, 20 ಅಡಿ ಎತ್ತರ; 18.3 × 6.1 ಮೀಟರ್. ನೀರು ಗೇಟಿನ ತುದಿಯವರೆಗೆ ಇದ್ದರೆ ಮೇಲಂಚಿನಲ್ಲಿ ಒತ್ತಡ ಸೊನ್ನೆ, ಕೆಳಂಚಿನಲ್ಲಿ ಚದರ ಮೀಟರಿಗೆ 6.1 ಟನ್, ಸರಾಸರಿ 3.05. ವಿಸ್ತೀರ್ಣ 111.6 ಚದರ ಮೀಟರ್. ಗುಣಿಸಿದರೆ 340 ಟನ್.

ಆ ಜಾಗಕ್ಕೆ ವಾರದೊಳಗೆ ಇಳಿಸಿದ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆ, ಒಂದೇ ಹಲಗೆಯಲ್ಲ. ನಾಲ್ಕಡಿ ಎತ್ತರದ ಐದು ತುಂಡು. ಈ 340 ಟನ್ನನ್ನು ಐದಕ್ಕೆ ಹಂಚಿ ನೋಡಿ. ಸಮಪಾಲು ಬರುವುದಿಲ್ಲ. ನೀರು ತುದಿಯವರೆಗೆ ತುಂಬಿದಾಗ ಮೇಲಿನಿಂದ ಕ್ರಮವಾಗಿ 14, 41, 68, 95, 122 ಟನ್. ಅನುಪಾತ 1:3:5:7:9. ಎಲ್ಲಕ್ಕಿಂತ ಮೇಲಿನ ತುಂಡು ಹೊರುವುದರ ಒಂಬತ್ತು ಪಟ್ಟನ್ನು ಎಲ್ಲಕ್ಕಿಂತ ಕೆಳಗಿನದು ಹೊರಬೇಕು, ಮೊದಲು ಇಳಿಯಬೇಕಾದದ್ದೂ ಅದೇ, ಅದೂ ಹರಿಯುವ ನೀರಿನಲ್ಲಿ. ಜಾಡಿನೊಳಗೆ ಉಕ್ಕಿಗೆ ಉಕ್ಕು ಉಜ್ಜಿದರೆ ಒತ್ತಿನ ಸುಮಾರು ಮೂರನೇ ಒಂದು ಪಾಲಿನಷ್ಟು ತಡೆ ಎಂದಿಟ್ಟುಕೊಂಡರೂ ಪೂರ್ತಿ ಗೇಟಿಗೆ ನೂರು ಟನ್ ದಾಟುತ್ತದೆ. ದೊಡ್ಡ ಗೇಟುಗಳಿಗೆ ಚಕ್ರ ಅಥವಾ ರೋಲರ್ ಇಡುವುದು ಇದಕ್ಕೇ. ಅವು ತುಕ್ಕು ಹಿಡಿದು ತಿರುಗದಿದ್ದರೆ ಎತ್ತುವ ಚೈನಿನ ಮೇಲೆ ಗೇಟಿನ ತೂಕದ ಜೊತೆ ಈ ಉಜ್ಜೂ ಬೀಳುತ್ತದೆ.

ಕುಂದಾಪುರದ ಸಂಪಿಗೂ ಅಣೆಕಟ್ಟಿಗೂ ಒಂದು ನಂಟಿದೆ. ಅಣೆಕಟ್ಟಿನ ಅಡಿಗೂ ನೀರು ನುಸುಳಿ ಅದನ್ನು ಮೇಲಕ್ಕೆತ್ತಲು ನೋಡುತ್ತದೆ. ಫ್ರಾನ್ಸಿನ ಬೂಜೆ ಅಣೆಕಟ್ಟು 1895ರಲ್ಲಿ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತದ್ದು ಈ ಮೇಲೊತ್ತನ್ನು ಲೆಕ್ಕಕ್ಕೆ ಹಿಡಿಯದ್ದರಿಂದ. ಈಗ ಕಾಂಕ್ರೀಟು, ಕಲ್ಲಿನ ಅಣೆಕಟ್ಟುಗಳೊಳಗೆ ಗ್ಯಾಲರಿ ಬಿಟ್ಟು, ತಳಕ್ಕೆ ರಂಧ್ರ ಕೊರೆದು ಆ ನೀರನ್ನು ಹೊರಬಿಡುತ್ತಾರೆ. ಗ್ಯಾಲರಿಯಲ್ಲಿ ನೀರು ಜಿನುಗುವುದನ್ನು ಕಂಡು ‘ಡ್ಯಾಮು ಸೋರುತ್ತಿದೆ’ ಎಂದು ಗಾಬರಿಯಾಗುವವರುಂಟು. ಆ ರಂಧ್ರಗಳಲ್ಲಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ನಿಂತರೆ ಎಂಜಿನಿಯರು ಹೆಚ್ಚು ಗಾಬರಿಯಾಗಬೇಕು.

ಕೃಷಿ ಹೊಂಡಕ್ಕೆ 500 ಮೈಕ್ರಾನ್ ಹಾಳೆ ಹಾಸಿದ್ದೇವೆ. ಮಳೆ ಬಂದ ಮೇಲೆ ನಡುವೆ ಎಮ್ಮೆ ಮಲಗಿದಂತೆ ಉಬ್ಬಿ ನೀರಿನ ಮೇಲೆ ಬಂದಿದೆ. ತೂತು ಮಾಡಿ ಗಾಳಿ ಬಿಡಲೇ? (ಹಾವೇರಿ)

ದಯವಿಟ್ಟು ಬೇಡ. ಮೊದಲು ಉಬ್ಬಿನೊಳಗೆ ಇರುವುದು ನೀರೋ ಗಾಳಿಯೋ ತಿಳಿಯಬೇಕು. ಉದ್ದ ಬಿದಿರಿನ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಒತ್ತಿ. ಚೆಂಡಿನಂತೆ ಪುಟಿದು, ಒತ್ತಿದ ಕಡೆಯಿಂದ ಬೇರೆ ಕಡೆಗೆ ಓಡಿದರೆ ಗಾಳಿ. ಭಾರವಾಗಿ ತಗ್ಗಿ ನಿಧಾನ ಮೇಲೆ ಬಂದರೆ ನೀರು.

ಹಾಳೆಯ ತೂಕ ಚದರ ಮೀಟರಿಗೆ ಅರ್ಧ ಕೆ.ಜಿ.ಯೂ ಇಲ್ಲ, ಸಾಲದ್ದಕ್ಕೆ ಅದು ನೀರಿಗಿಂತ ಹಗುರ. ಅಡಿಯ ಅಂತರ್ಜಲ ಹೊಂಡದ ನೀರಿಗಿಂತ 10 ಸೆಂ.ಮೀ. ಎತ್ತರಕ್ಕೆ ಬಂದರೂ ಪ್ರತಿ ಚದರ ಮೀಟರಿಗೆ 100 ಕೆ.ಜಿ. ಮೇಲೊತ್ತು. ಹಾಳೆಯ ಮೇಲೆ ಮರಳು ಚೀಲ ಇಟ್ಟು ಇದನ್ನು ಗೆಲ್ಲಲಾಗದು. ಚೀಲದ ಸುತ್ತ ಹಾಳೆ ಎಳೆದು ಹರಿಯುತ್ತದೆ, ಅಷ್ಟೇ. ಒಳಗೆ ನೀರು ತುಂಬುವುದೇ ಮದ್ದು. ಹೊಂಡದ ಮಟ್ಟ ಸುತ್ತಲ ನೆಲದ ನೀರಿನ ಮಟ್ಟಕ್ಕಿಂತ ಮೇಲಿದ್ದಷ್ಟು ದಿನ ಹಾಳೆ ಎದ್ದೇಳುವುದಿಲ್ಲ. ಅದಕ್ಕೇ, ಮಳೆಗಾಲ ಮುಗಿಯುವ ಮುನ್ನ ಹೊಂಡವನ್ನು ಪೂರ್ತಿ ಬರಿದು ಮಾಡಬಾರದು.

ಗಾಳಿಯಾದರೆ ಅದು ಅಡಿಯಲ್ಲಿ ಬೇರು, ಸೆಗಣಿ ಕೊಳೆತು ಬಂದದ್ದು, ಅಥವಾ ಏರಿದ ನೀರು ಮಣ್ಣಿನ ಸಂದಿಯಿಂದ ದೂಡಿದ್ದು. ಅದಕ್ಕೆ ದಾರಿ ದಡದಲ್ಲಿ ಕೊಡಬೇಕು. ಮೇಲಂಚಿನ ಹತ್ತಿರ, ನೀರು ಎಂದೂ ತಲುಪದ ಎತ್ತರದಲ್ಲಿ, ಎರಡಿಂಚಿನ ರಂಧ್ರ ಮಾಡಿ ಮೇಲೆ ಮಡಿಕೆ ಬಿಟ್ಟು ಅದೇ ಹಾಳೆಯ ತುಂಡನ್ನು ಬೆಸುಗೆ ಹಾಕಿಸಿ, ಗಾಳಿ ಹೊರಡಲಿ, ಮಳೆ ಒಳಗೆ ಹೋಗದಿರಲಿ. ಉಬ್ಬನ್ನು ಬಟ್ಟೆ ಸುತ್ತಿದ ಬಿದಿರಿನಿಂದ ನಡುವಿನಿಂದ ದಡದ ಕಡೆಗೆ ಮೆಲ್ಲಗೆ ತಳ್ಳುತ್ತ ಬನ್ನಿ. ಮುಂದಿನ ಸಲ ಹಾಳೆ ಹಾಸುವ ಮುನ್ನ ಬೇರು ಕಿತ್ತು ಹಾಕಿ, ತಳದಲ್ಲಿ ಅಡ್ಡ ಉದ್ದ ಜಲ್ಲಿ ತುಂಬಿದ ಕಿರುಕಾಲುವೆ ತೆಗೆದು ಹೊಂಡದ ಹೊರಗೆ ತಗ್ಗಿಗೆ ಬಿಡಿ. ಅದು ಸೋಸು ನೀರನ್ನೂ ಒಯ್ಯುತ್ತದೆ, ಗಾಳಿಯನ್ನೂ.

ಹತ್ತಡಿ ಉದ್ದದ ಪೈಪು ಬಾಯಲ್ಲಿಟ್ಟುಕೊಂಡು ಬಾವಿಯ ತಳದಲ್ಲಿ ಕೂತು ಉಸಿರಾಡಬಹುದೇ? ಹುಡುಗರು ಪಂಥ ಕಟ್ಟಿದ್ದಾರೆ. (ತಿಪಟೂರು)

ಪಂಥ ಇವತ್ತೇ ನಿಲ್ಲಿಸಿ. ಹತ್ತಡಿ ಆಳದಲ್ಲಿ ಚದರ ಮೀಟರಿಗೆ 3 ಟನ್ ಹೆಚ್ಚುವರಿ ಒತ್ತಡ. ಎದೆಯ ಮುಂಭಾಗ 30 × 30 ಸೆಂ.ಮೀ. ಎಂದರೂ 270 ಕೆ.ಜಿ. ಪೈಪಿನ ಮೇಲ್ತುದಿ ಗಾಳಿಯಲ್ಲಿದೆ, ಹಾಗಾಗಿ ಶ್ವಾಸಕೋಶದೊಳಗೆ ಮೇಲಿನ ಒತ್ತಡ ಮಾತ್ರ. ಐದು ಚೀಲಕ್ಕೂ ಹೆಚ್ಚು ಸಿಮೆಂಟನ್ನು ಎದೆಯ ಮೇಲೆ ಹೇರಿ ಉಸಿರೆಳೆದುಕೊಳ್ಳಿ ಎಂದಂತೆ. ಆಗುವುದಿಲ್ಲ, ಬದಲಿಗೆ ಪೈಪಿನ ಮೂಲಕ ಶ್ವಾಸಕೋಶದ ಗಾಳಿಯೇ ಹಿಂಡಿ ಹೊರಹೋಗಿ ರಕ್ತ ಒಸರುತ್ತದೆ. ಇದಲ್ಲದೆ ಉದ್ದ ಪೈಪಿನಲ್ಲಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವುದಾಗುತ್ತದೆ. ಅಂಗಡಿಯ ಸ್ನಾರ್ಕೆಲ್ ಗೇಣೆರಡು ಗೇಣು ಉದ್ದವಿರುವುದು ಇದಕ್ಕೇ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡುವವರ ಸಿಲಿಂಡರಿನ ರೆಗ್ಯುಲೇಟರು, ಆಯಾ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಹಾಗಾಗಿ ಎದೆಗೆ ಭಾರವಿಲ್ಲ. ಆದರೆ 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶ ಒಡೆಯುತ್ತದೆ. ಅಲ್ಲಿ ಕಲಿಸುವವರು ಮೊದಲು ಹೇಳುವುದು ‘ಉಸಿರು ಹಿಡಿಯಬೇಡಿ’ ಎಂದೇ.

ಆನೆಗೊಂದಿಯ ಹತ್ತಿರ ತೆಪ್ಪದಲ್ಲಿ ಎಂಟು ಜನರನ್ನು ಕೂರಿಸಿದರು. ಎಷ್ಟು ಜನ ಸರಿ? (ಗಂಗಾವತಿ)

ತಳದ ಅಗಲ 1.8 ಮೀಟರ್ ಇರುವ ಹರಿಗೋಲು ಒಂದು ಸೆಂಟಿಮೀಟರ್ ಮುಳುಗಲು 25 ಕೆ.ಜಿ. ಬೇಕು. 65 ಕೆ.ಜಿ.ಯ ಒಬ್ಬರು ಹತ್ತಿದರೆ ಎರಡೂವರೆ ಸೆಂ.ಮೀ. ಇಳಿಯುತ್ತದೆ. ಎಂಟು ಜನಕ್ಕೆ 20 ಸೆಂ.ಮೀ., ತೆಪ್ಪದ ಸ್ವಂತ ತೂಕಕ್ಕೆ ಇನ್ನೆರಡು. ಲೆಕ್ಕದ ಪ್ರಕಾರ ತೇಲುತ್ತದೆ. ಮಗುಚುವುದು ತೂಕದಿಂದಲ್ಲ, ಫೋಟೊ ತೆಗೆಯಲು ಎಲ್ಲರೂ ಒಂದೇ ಬದಿಗೆ ವಾಲುವುದರಿಂದ. ಎಲ್ಲರೂ ಕೂತ ಮೇಲೆ ಅಂಚು ನೀರಿನಿಂದ ಒಂದು ಗೇಣು ಮೇಲೆ ಉಳಿಯದಿದ್ದರೆ ಇಬ್ಬರನ್ನು ಇಳಿಸಿ. ಲೈಫ್ ಜಾಕೆಟ್ಟಿನ ಮೇಲೆ 50 ನ್ಯೂಟನ್ ಎಂದಿದ್ದರೆ ಸುಮಾರು 5 ಕೆ.ಜಿ. ಮೇಲೊತ್ತು, ಅದು ಈಜು ಬಲ್ಲವರಿಗೆ ಮಾತ್ರ. ಈಜು ಬಾರದವರು 100ರದ್ದು ಕೇಳಿ, ಪಟ್ಟಿ ಬಿಗಿದು ಕಟ್ಟಿ; ಸಡಿಲ ಜಾಕೆಟ್ಟು ಮೇಲೇಳುತ್ತದೆ, ಮನುಷ್ಯ ಕೆಳಗುಳಿಯುತ್ತಾನೆ.

ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವಾಗ ಮೊಟ್ಟೆ ಬಿಟ್ಟು ನೋಡಿ ಎನ್ನುತ್ತಾರೆ. ನಮ್ಮ ಮೊಟ್ಟೆ ಉಪ್ಪು ಹಾಕುವ ಮೊದಲೇ ತೇಲಿತು. (ಮಂಡ್ಯ)

ಮೊಟ್ಟೆ ಹಳೆಯದು. ದಿನ ಕಳೆದಂತೆ ಮೊಟ್ಟೆಯೊಳಗಿನ ತೇವ ಆರಿ ಗಾಳಿಯ ಗುಳ್ಳೆ ದೊಡ್ಡದಾಗುತ್ತದೆ, ತೂಕ ಇಳಿಯುತ್ತದೆ, ಗಾತ್ರ ಅಷ್ಟೇ ಇರುತ್ತದೆ. ಬರಿ ನೀರಿನ ತಳದಲ್ಲಿ ಅಡ್ಡ ಮಲಗುವ ಮೊಟ್ಟೆಯನ್ನೇ ಹಿಡಿಯಿರಿ. 10 ಲೀಟರ್ ನೀರಿಗೆ ಒಂದೂವರೆ ಕೆ.ಜಿ. ಉಪ್ಪು ಕರಗಿಸಿ, ಆಮೇಲೆ ಮೊಟ್ಟೆ ತೇಲಿ ಅದರ ನೆತ್ತಿ ಎಂಟಾಣೆಯಷ್ಟು ಕಾಣುವವರೆಗೆ ಹಿಡಿ ಹಿಡಿಯಾಗಿ ಸೇರಿಸಿ. ಎರಡು ಕೆ.ಜಿ. ದಾಟುವುದು ಅಪರೂಪ. ಬೀಜವನ್ನು ಎರಡು ಮೂರು ಕೆ.ಜಿ.ಯಂತೆ ಹಾಕಿ ಕೈಯಿಂದ ಚೆನ್ನಾಗಿ ಕದಡಬೇಕು. ಸಿಪ್ಪೆಗೆ ಅಂಟಿದ ಗಾಳಿ ಗುಳ್ಳೆ ಬಿಡದಿದ್ದರೆ ಗಟ್ಟಿ ಕಾಳೂ ಜೊಳ್ಳಿನ ಜೊತೆ ತೇಲಿ ಹೋಗುತ್ತದೆ. ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ತಡಮಾಡದೆ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಅದೇ ನೀರನ್ನು ಮತ್ತೆ ಬಳಸಬಹುದು, ಪ್ರತಿ ಸಲ ಮೊಟ್ಟೆ ಬಿಟ್ಟು ನೋಡಿ.

ಬಾವಿಗೆ ಬಿದ್ದ ಹಿತ್ತಾಳೆ ಕೊಡ ಪಾತಾಳಗರಡಿಯ ಕೊಂಡಿಗೆ ಸಿಕ್ಕಿತು, ಸಲೀಸಾಗಿ ಮೇಲೆ ಬಂತು, ನೀರಿನಿಂದ ಹೊರಬರುತ್ತಲೇ ಹಗ್ಗ ಕಡಿಯಿತು. (ಸಾಗರ)

4 ಕೆ.ಜಿ. ತೂಕದ, 15 ಲೀಟರ್ ಹಿಡಿಯುವ ಕೊಡ ನೀರಿನೊಳಗೆ ಮೂರೂವರೆ ಕೆ.ಜಿ. ಮಾತ್ರ ತೂಗುತ್ತದೆ, ತುಂಬಿದ ನೀರಿಗೆ ನೀರೊಳಗೆ ತೂಕವೇ ಇಲ್ಲ. ಮಟ್ಟ ಬಿಟ್ಟು ಹೊರಬರುವಷ್ಟರಲ್ಲಿ ಅದು 19 ಕೆ.ಜಿ. ಮತ್ತೆ ಸಿಕ್ಕಿದಾಗ, ಕೊಡದ ಕಂಠ ನೀರಿನ ಮಟ್ಟಕ್ಕೆ ಬಂದೊಡನೆ ಎಳೆಯುವುದು ನಿಲ್ಲಿಸಿ. ಎರಡನೇ ಹಗ್ಗದ ಕುಣಿಕೆಯನ್ನು ಇಳಿಸಿ ಕಂಠಕ್ಕೆ ಬಿಗಿದು, ಎರಡೂ ಹಗ್ಗ ಸೇರಿಸಿ ಎಳೆಯಿರಿ. ಕೊಂಡಿ ತಳದ ಕಡೆ ಸಿಕ್ಕಿದ್ದರೂ ಎಚ್ಚರ: ಕೊಡ ಬಾಯಿ ಕೆಳಗಾಗಿ ಬರುತ್ತದೆ, ಆದರೆ ಬಾಯಿ ನೀರಿನ ಮಟ್ಟ ಬಿಡುವವರೆಗೆ ಒಳಗಿನ ನೀರು ಸುರಿಯುವುದಿಲ್ಲ, ಅಲ್ಲಿಯವರೆಗೆ ಆ ಭಾರವೂ ಹಗ್ಗಕ್ಕೇ.